ಎಳ್ಳು ಪಾಸು, ಬೆಲ್ಲ ಫೇಲು

ಜನವರಿ ಒಂದನೇ ತಾರೀಕಿಗೆ ಬೆಂಗಳೂರಿನ ಜಿಮ್‌ಗಳ ಗಾಜಿನ ಬಾಗಿಲ ಮೇಲೆ '30 ದಿನಗಳ ಹೋಲ್ ಫುಡ್ ಚಾಲೆಂಜ್' ಪೋಸ್ಟರು ಬೀಳುತ್ತದೆ. ಕಟ್ಟಬೇಕಾದ್ದು ಶುಲ್ಕ, ಅದರ ಮೇಲೊಂದು ಡೆಪಾಸಿಟ್ಟು. ಸಿಗುವುದು ಒಂದು ವಾಟ್ಸ್‌ಆ್ಯಪ್ ಗ್ರೂಪು, ಒಂದು ಟೀ ಶರ್ಟು, ತಿನ್ನಬಾರದ್ದರ ಒಂದು ಪಟ್ಟಿ.

ಪಟ್ಟಿಯ ಮೂಲ ಅಮೆರಿಕದಲ್ಲಿ 2009ರಲ್ಲಿ ಶುರುವಾದ ಹೋಲ್30 ಎಂಬ ಪಥ್ಯ. ಮೂವತ್ತು ದಿನ ಸಕ್ಕರೆ, ಮದ್ಯ, ಸಕಲ ಧಾನ್ಯ, ಬೇಳೆಕಾಳು, ಹಾಲು ಮೊಸರು ಬಂದ್. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿ, ಗೋಡಂಬಿ, ತುಪ್ಪ ನಡೆಯುತ್ತದೆ. ಒಂದು ಚಮಚ ತಪ್ಪಿದರೂ ಮತ್ತೆ ಮೊದಲ ದಿನದಿಂದ ಎಣಿಸಬೇಕು. ಪೊಟ್ಟಣದ ಸೀರಿಯಲ್ಲು, ಬಾಟಲಿ ಸಾಸು, ಸೋಡಾಗಳ ಮೇಲೆ ಬದುಕುವವರಿಗೆ ಈ ಪಟ್ಟಿಯಿಂದ ಏನಾದರೂ ಉಪಯೋಗವಿರಬಹುದು. ನಮ್ಮಲ್ಲಿ ಅದನ್ನು ಜೆರಾಕ್ಸ್ ಮಾಡಿಕೊಂಡವರು ಮೊದಲ ದಿನವೇ ಹೊರದಬ್ಬಿದ್ದು ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು ಮತ್ತು ಮಜ್ಜಿಗೆಯನ್ನು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಅಷ್ಟೇ ಹಾಲಿನ ಸುಮಾರು ಮೂರು ಪಟ್ಟು ಕ್ಯಾಲ್ಸಿಯಂ ಇದೆ. ಅದರಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನ್ ಘಟಕವನ್ನು ಹುರುಳಿ ತುಂಬಿಕೊಡುತ್ತದೆ. ಇರಲಿ, ಪಟ್ಟಿಯಲ್ಲಿ ಇಲ್ಲ ಎಂದರೆ ಇಲ್ಲ.

ಅಡುಗೆಮನೆಯ ಶುದ್ಧೀಕರಣ ಒಗ್ಗರಣೆಯಿಂದ ಶುರುವಾಗಬೇಕು. ಉದ್ದಿನಬೇಳೆ, ಕಡಲೆಬೇಳೆ ಕಾಳುಗಳಾದ್ದರಿಂದ ಔಟ್. ಅಂಗಡಿಯ ಇಂಗಿನ ಪುಡಿಯ ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ: ಇಂಗಿಗಿಂತ ಹೆಚ್ಚಾಗಿ ಇರುವುದು ಗೋಧಿ ಅಥವಾ ಮೈದಾ ಹಿಟ್ಟು, ಔಟ್. ಬಿಸಿಬೇಳೆಬಾತಿನ ಪುಡಿ, ಚಟ್ನಿಪುಡಿಗಳಲ್ಲೂ ಹುರಿದ ಬೇಳೆಗಳಿವೆ. ಉಳಿದದ್ದು ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ. ಉಡುಪಿ ಹೋಟೆಲಿನ ಸಾಂಬಾರಿಗೆ ಬೆಲ್ಲ ಬೀಳುವುದರಿಂದ ಆ ದಾರಿಯೂ ಮುಚ್ಚಿತು. ಮೆಂತ್ಯ ಮತ್ತು ಹುಣಸೆ ಎರಡೂ ಸಸ್ಯಶಾಸ್ತ್ರದ ಪ್ರಕಾರ ತೊಗರಿ, ಹುರುಳಿಗಳ ಕುಟುಂಬಕ್ಕೇ ಸೇರಿದವು. ಈ ವಿಷಯ ದಯವಿಟ್ಟು ಟ್ರೈನರ್ ಕಿವಿಗೆ ಹಾಕಬೇಡಿ, ತಿಳಿಸಾರೂ ಹೋಗುತ್ತದೆ.

ಚಾಲೆಂಜ್ ಶುರುವಾಗುವುದೇ ಅವರೆಕಾಯಿ ಸೊಗಡು ಊರು ತುಂಬಿರುವಾಗ. ಮೂಲ ನಿಯಮದಲ್ಲಿ ಬೀನ್ಸಿಗೆ ರಿಯಾಯಿತಿ ಇದೆ, ಏಕೆಂದರೆ ಅದರಲ್ಲಿ ಕಾಳಿಗಿಂತ ಸಿಪ್ಪೆಯೇ ಜಾಸ್ತಿ. ಅವರೆಕಾಯಿಯ ಸಿಪ್ಪೆಯನ್ನು ಹಸುವಿಗೆ ಹಾಕಿ ಕಾಳನ್ನು ನಾವು ತಿನ್ನುತ್ತೇವೆ. ಹಾಗಾಗಿ ಜಿಮ್ ನ್ಯಾಯದ ಪ್ರಕಾರ ಚಾಲೆಂಜಿಗೆ ಅರ್ಹತೆ ಇರುವುದು ಹಸುವಿಗೆ. ಹಿತಕಿದ ಬೇಳೆಯಂತೂ ಸಿಪ್ಪೆಯ ಮೇಲಿನ ಸಿಪ್ಪೆಯನ್ನೂ ಕಳೆದುಕೊಂಡ ಮಹಾಪರಾಧಿ.

ಎರಡು ವಾರಕ್ಕೆ ಸಂಕ್ರಾಂತಿ. ಪಕ್ಕದ ಮನೆ ಮಗು ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದೆ. ಗಾಬರಿ ಬೇಡ. ಪೊಟ್ಟಣವನ್ನು ಅಗಲ ತಟ್ಟೆಗೆ ಸುರಿದು ವಿಂಗಡಿಸಿ. ಎಳ್ಳು ಪಾಸು. ಕೊಬ್ಬರಿ ಪಾಸು. ಬೆಲ್ಲ ಫೇಲು. ಹುರಿಗಡಲೆ ಕಾಳು, ಫೇಲು. ಕಡಲೆಕಾಯಿ ಬೀಜ ಹೆಸರಿಗೆ ನಟ್ಸು, ಹುಟ್ಟಿನಿಂದ ದ್ವಿದಳ, ಫೇಲು. ಸಕ್ಕರೆ ಅಚ್ಚನ್ನು ದೂರದಿಂದ ನೋಡಬಹುದು. ಕಬ್ಬಿನ ಬಗ್ಗೆ ಗ್ರೂಪಿನಲ್ಲಿ ಗಂಭೀರ ಚರ್ಚೆಯಾಗುತ್ತದೆ: ಹಲ್ಲಿನಿಂದ ಸಿಗಿದು ತಿಂದರೆ ಅದು ಇಡಿಯಾದ ಆಹಾರ ತಾನೇ? ಟ್ರೈನರ್ ಉತ್ತರ: 'ಸರ್, ಶುಗರ್ ಸರ್.' ಅದೇ ಟ್ರೈನರು ಕೌಂಟರಿನಲ್ಲಿ ಮಾರುವ ಎನರ್ಜಿ ಉಂಡೆ ಮುಕ್ಕಾಲು ಪಾಲು ಖರ್ಜೂರ. ಒಣಗಿದ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಅದು 'ನ್ಯಾಚುರಲ್' ಸರ್.

ಇನ್ನು ಪ್ರೋಟೀನು. 70 ಕೆ.ಜಿ. ತೂಕದ ಮನುಷ್ಯನಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಶಿಫಾರಸು ಕೆ.ಜಿ.ಗೆ 0.83 ಗ್ರಾಂ, ಅಂದರೆ ದಿನಕ್ಕೆ 58 ಗ್ರಾಂ. ಭಾರ ಎತ್ತುವವರಿಗೆ ಇನ್ನಷ್ಟು ಬೇಕು ಎನ್ನುವುದರಲ್ಲಿ ಅರ್ಥವಿದೆ. ಆದರೆ ವಾರಕ್ಕೆ ಮೂರು ದಿನ ಬಂದು ಟ್ರೆಡ್‌ಮಿಲ್ ಮೇಲೆ ಫೋನ್ ನೋಡುವವರಿಗೂ ಟ್ರೈನರು ಬರೆದುಕೊಡುವುದು ಕೆ.ಜಿ.ಗೆ 2 ಗ್ರಾಂ, ಒಟ್ಟು 140. ಮೊಟ್ಟೆಯಲ್ಲೇ ಪೂರೈಸುವುದಾದರೆ ದಿನಕ್ಕೆ ಇಪ್ಪತ್ತಮೂರು. ಮೊಟ್ಟೆಯನ್ನೂ ಮುಟ್ಟದ ಮನೆಯವರಾದರೆ, ಕಾಳು, ಹಾಲು, ಪನೀರ್ ಎಲ್ಲಾ ನಿಷಿದ್ಧವಾದ ಮೇಲೆ, ಉಳಿಯುವುದು ಬಾದಾಮಿ. ನೂರು ಗ್ರಾಮಿಗೆ 21 ಗ್ರಾಂ ಪ್ರೋಟೀನು. ಸರ್ಕಾರಿ ಲೆಕ್ಕದ 58 ಗ್ರಾಮಿಗೇ ಬೇಕು 275 ಗ್ರಾಂ ಬಾದಾಮಿ, ಸುಮಾರು 1,600 ಕ್ಯಾಲೊರಿ. ಟ್ರೈನರ್ ಲೆಕ್ಕದ 140ಕ್ಕೆ 650 ಗ್ರಾಂ ದಾಟಿ, 3,800 ಕ್ಯಾಲೊರಿ. ತೂಕ ಇಳಿಸಲು ಬಂದವರಿಗೆ ಇದು ಕುಸ್ತಿ ಪೈಲ್ವಾನರ ಖುರಾಕು.

ಈ ಸಂಕಟಕ್ಕೆ ಪರಿಹಾರವಾಗಿ ಕೌಂಟರಿನ ಹಿಂದಿನಿಂದ ಒಂದು ದೊಡ್ಡ ಡಬ್ಬ ಇಳಿಯುತ್ತದೆ. ಚೀಸ್ ಮಾಡಿ ಉಳಿದ ಹಾಲಿನ ನೀರನ್ನು ಸೋಸಿ, ಒಣಗಿಸಿ, ಸುಕ್ರಲೋಸ್ ಎಂಬ ಕೃತಕ ಸಿಹಿ ಬೆರೆಸಿ, ಚಾಕೊಲೇಟ್ ವಾಸನೆ ಹತ್ತಿಸಿದ ಪುಡಿ. ಹಸುವಿನ ಹಾಲು ಕುಡಿದರೆ ಚಾಲೆಂಜಿನಿಂದ ಹೊರಗೆ, ಅದೇ ಹಾಲು ಕಾರ್ಖಾನೆ ಸುತ್ತಿ ಬಂದರೆ ಒಳಗೆ. ಮೂಲ ಹೋಲ್30ರಲ್ಲಿ ಈ ಪುಡಿಗೂ ಸುಕ್ರಲೋಸಿಗೂ ಜಾಗವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೂ ಮಾಂಸಖಂಡ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದೇ ಹೇಳಿದೆ. ಆದರೆ ಜೆರಾಕ್ಸ್ ಮಾಡುವಾಗ ಯಾವುದೋ ಒಂದು ಹಾಳೆ ಕೈತಪ್ಪುವುದು ಸಹಜ.

ಮೊಟ್ಟೆ ತಿನ್ನುವವರಿಗೆ ಬೇರೆ ವಿಧಿ: ಬಿಳಿ ತಿನ್ನಿ, ಹಳದಿ ಎಸೆಯಿರಿ. ಮೊಟ್ಟೆಯ ಆರು ಗ್ರಾಂ ಪ್ರೋಟೀನಿನಲ್ಲಿ ಎರಡೂವರೆ ಗ್ರಾಮಿಗಿಂತ ಹೆಚ್ಚು ಇರುವುದು ಆ ಹಳದಿಯಲ್ಲೇ. ಕಬ್ಬಿಣ, ಕೋಲಿನ್, ಎ ಮತ್ತು ಡಿ ಜೀವಸತ್ವ ಇರುವುದೂ ಅಲ್ಲೇ. ಮರುಕ್ಷಣ ಡಿ ಜೀವಸತ್ವದ ಗುಳಿಗೆ ಬರೆಯುತ್ತಾರೆ. ಹಸಿ ಮೊಟ್ಟೆ ಕುಡಿಯುವ ಶೂರರೂ ಇದ್ದಾರೆ: ಬೇಯಿಸಿದರೆ ಶೇ 90ರಷ್ಟು ಪ್ರೋಟೀನು ಮೈಗೆ ಸೇರುತ್ತದೆ, ಹಸಿಯದು ಅರ್ಧದಷ್ಟು ಮಾತ್ರ.

ಮೊದಲ ವಾರದ ಪವಾಡಕ್ಕೆ ಬರೋಣ. ಏಳೇ ದಿನದಲ್ಲಿ ಎರಡು ಕೆ.ಜಿ. ಇಳಿಕೆ, ಗ್ರೂಪಿನಲ್ಲಿ ಬೆಂಕಿ ಇಮೋಜಿ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಅರ್ಧ ಕೆ.ಜಿ.ಯಷ್ಟು ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟ ಸಕ್ಕರೆ, ಇರುತ್ತದೆ, ಪ್ರತಿ ಗ್ರಾಂ ಅದು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಅನ್ನ ಮುದ್ದೆ ನಿಲ್ಲಿಸಿದಾಗ ಗ್ಲೈಕೋಜನ್ ಕರಗಿ ನೀರು ಮೂತ್ರವಾಗಿ ಹೋಗುತ್ತದೆ, ಜೊತೆಗೆ ಉಪ್ಪೂ. ಕೊಬ್ಬು ಕೂತಲ್ಲೇ ಕೂತಿದೆ. ಇದೇ ವಾರ ಟ್ರೈನರು ಐದೈದರ ಐದು ಸೆಟ್ ಸ್ಕ್ವಾಟ್ (ಭಾರ ಹೊತ್ತ ಬಸ್ಕಿ) ಹಾಕಿಸುತ್ತಾರೆ. ನಾಲ್ಕನೇ ಸೆಟ್ಟಿಗೆ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡಿದುಕೊಂಡು ಕಿರುಚಾಟ. ಅದು 'ಟಾಕ್ಸಿನ್ ಹೊರಗೆ ಹೋಗ್ತಿದೆ ಸರ್'. ಎಳನೀರು ಕುಡಿದರೂ ಪೂರ್ತಿ ಸರಿಹೋಗದು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಲ್ಲಿ ಹೋದ ಸೋಡಿಯಂ ಕಡಿಮೆ. ಕಲ್ಲುಪ್ಪು ಹಾಕಿದ ಒಂದು ಲೋಟ ನೀರುಮಜ್ಜಿಗೆ ಸಾಕಿತ್ತು. ಅದು ನಿಷೇಧಿತ. ಕಿತ್ತಳೆ ಬಣ್ಣದ ಎಲೆಕ್ಟ್ರೊಲೈಟ್ ಪುಡಿಗೆ ಅನುಮತಿಯಿದೆ.

ಎರಡನೇ ವಾರ ತಕ್ಕಡಿಯ ಮುಳ್ಳು ಅಲ್ಲಾಡುವುದಿಲ್ಲ. ಕಾರಣ ತುಪ್ಪ. ಪಟ್ಟಿಯಲ್ಲಿ ಪಾಸಾಗಿದೆ ಎಂದು ನಾಲ್ಕು ದೊಡ್ಡ ಚಮಚ ಸುರಿದುಕೊಂಡರೆ ಸುಮಾರು 480 ಕ್ಯಾಲೊರಿ. ವಾರಕ್ಕೆ ಅರ್ಧ ಕೆ.ಜಿ. ಇಳಿಯಲು ದಿನಕ್ಕೆ ಉಳಿಸಬೇಕಾದ್ದು 500. ಇನ್ನೊಂದು ಕಾರಣ ತಿಂದದ್ದನ್ನು ಲೆಕ್ಕ ಬರೆಯುವ ಆ್ಯಪು. 250 ಗ್ರಾಂ ಹಸಿ ಕೋಳಿ ಬೆಂದಾಗ ಕಾಲು ಭಾಗ ತೂಕ ಕಳೆದುಕೊಳ್ಳುತ್ತದೆ. ಬೆಂದದ್ದನ್ನು ತೂಗಿ ಹಸಿಯ ಲೆಕ್ಕ ಬರೆದರೆ ತಿಂದದ್ದು ಒಂದು, ಖಾತೆಯಲ್ಲಿರುವುದು ಇನ್ನೊಂದು.

ಮೂವತ್ತು ದಿನ ತಕ್ಕಡಿ ಹತ್ತಲೇಬೇಡಿ ಎನ್ನುತ್ತದೆ ಮೂಲ ನಿಯಮ. ಆದರೆ ತೂಗದಿದ್ದರೆ ಲೀಡರ್‌ಬೋರ್ಡಿಗೆ ಏನು ಹಾಕುವುದು? ಆದ್ದರಿಂದ ಪ್ರತಿ ಸೋಮವಾರ ತೂಕ, ಕೊನೆಯ ದಿನ ಫೋಟೊ. ಫೋಟೊ ವಿದ್ಯೆ ಸುಲಭ. ಮೊದಲ ದಿನ ಸಂಜೆ, ಊಟವಾದ ಮೇಲೆ, ಟ್ಯೂಬ್‌ಲೈಟ್ ಕೆಳಗೆ, ಭುಜ ಇಳಿಬಿಟ್ಟು, ಉಸಿರು ಹೊರಗೆ. ಕೊನೆಯ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂವತ್ತು ಪುಷ್‌ಅಪ್ ಹೊಡೆದು, ಪಕ್ಕದಿಂದ ಬೆಳಕು ಬಿಟ್ಟು, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ. ಎರಡೂ ಫೋಟೊ ಒಂದೇ ದಿನ ತೆಗೆದವರೂ ಗೆಲ್ಲಬಹುದು.

ಮೂವತ್ತು ದಿನ ಮುಗಿದ ಮೇಲೆ ಮೂಲದಲ್ಲಿ ಇನ್ನೊಂದು ಘಟ್ಟವಿದೆ, ಇಡೀ ಪ್ರಯೋಗದ ಜೀವ ಅದೇ. ಬಿಟ್ಟದ್ದನ್ನು ಒಂದೊಂದಾಗಿ ವಾಪಸ್ ತರಬೇಕು: ಒಂದು ದಿನ ಕಾಳು, ಎರಡು ದಿನ ವಿರಾಮ, ಮತ್ತೊಂದು ದಿನ ಧಾನ್ಯ, ಮತ್ತೆ ವಿರಾಮ, ಆಮೇಲೆ ಹಾಲು. ಯಾವುದು ಹೊಟ್ಟೆಗೆ ಒಗ್ಗದು ಎಂದು ಗೊತ್ತಾಗುವುದು ಆಗಲೇ. ಜಿಮ್‌ನವರು ಈ ಹತ್ತು ದಿನವನ್ನು ಒಂದು ಭಾನುವಾರಕ್ಕೆ ಇಳಿಸಿದ್ದಾರೆ. ಗುಂಪಾಗಿ ದೊನ್ನೆ ಬಿರಿಯಾನಿ, ಮೇಲೆ ಎರಡು ಜಾಮೂನು. ಮಂಗಳವಾರ ತೂಕ ನೋಡಿದರೆ ಹೋಗಿದ್ದ ನೀರು ಪೂರಾ ವಾಪಸ್ಸು. ಡೆಪಾಸಿಟ್ಟು ಮಾತ್ರ ವಾಪಸ್ ಬರದು, ಅದು ಪುಡಿ ಡಬ್ಬದ ಮೇಲಿನ ಕೂಪನ್ ಆಗಿ ಬರುತ್ತದೆ. ಬುಧವಾರ ಮುಂದಿನ ಬ್ಯಾಚಿನ ನೋಂದಣಿ ಶುರು, ಹಳೆಯ ಸದಸ್ಯರಿಗೆ ಶೇ 10 ರಿಯಾಯಿತಿ.