ಹಿತ್ತಿಲ ಬಾಗಿಲು ತೆರೆದರೆ ಸಾಕು

ಹೋದ ದೀಪಾವಳಿಗೆ ಊರಿಗೆ ಹೋದಾಗ ಸಾಗರದ ನಮ್ಮ ಮನೆಯ ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿ ಬಂದೆ. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ. ಜಪಾನಿನಲ್ಲಿ ಕೂತು ಫೋನಲ್ಲೇ ನೋಡಬಹುದಲ್ಲ ಅಂತ ನೆಮ್ಮದಿಯಾಗಿತ್ತು. ಹದಿನೈದು ದಿನಕ್ಕೆ ಫೋನಲ್ಲಿ ಬರೀ ಮಸುಕು. ಅಮ್ಮ ಕ್ಯಾಮೆರಾಕ್ಕೆ ಟವೆಲ್ ಹೊದಿಸಿದ್ದಳು. ಕೇಳಿದರೆ, “ಸ್ನಾನ ಮಾಡಿ ಬಂದು ತಲೆ ಒರೆಸಿಕೊಳ್ಳೋಕೂ ಸಂಕೋಚ ಆಗತ್ತೆ ಕಣೋ” ಅಂದಳು. ಆ ಮಾತು ಚುಚ್ಚಿತು.

ಇಲ್ಲಿ ಕವಾಸಾಕಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯೂ ಒಬ್ಬರೇ. ಅವರ ಅಡುಗೆಮನೆಯಲ್ಲಿ ನೀರು ಕಾಯಿಸುವ ಒಂದು ಎಲೆಕ್ಟ್ರಿಕ್ ಪಾಟ್ ಇದೆ. ಬೆಳಗ್ಗೆ ಟೀಗೆ ಅಂತ ಗುಂಡಿ ಒತ್ತಿ ನೀರು ಬಗ್ಗಿಸಿಕೊಂಡರೆ ಆ ಸುದ್ದಿ ಒಸಾಕಾದ ಮಗಳಿಗೆ ಹೋಗುತ್ತದೆ. ದಿನಕ್ಕೆ ಎರಡು ಸಲ ಮೇಲ್. ಅಷ್ಟೇ, ಚಿತ್ರ ಇಲ್ಲ, ಧ್ವನಿ ಇಲ್ಲ. 1996ರಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ ಒಬ್ಬ ವಯಸ್ಸಾದ ತಾಯಿ ಮತ್ತು ಕಾಯಿಲೆಯ ಮಗ ಮನೆಯೊಳಗೇ ಸತ್ತಿದ್ದು ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಆ ನೋವಿನಿಂದ ಹುಟ್ಟಿದ್ದು ಈ ಪಾಟ್. ಜೋಜಿರುಶಿ ಕಂಪನಿ 2001ರಲ್ಲೇ ಇದನ್ನು ಶುರು ಮಾಡಿತು.

ಅಜ್ಜಿ ಅದನ್ನು ತೋರಿಸುವಾಗ ಮುಖದಲ್ಲಿ ಒಂದಿಷ್ಟೂ ಮುಜುಗರ ಇರಲಿಲ್ಲ. ನಾವು ಯಾಕೆ ಹೀಗೆ ಯೋಚನೆ ಮಾಡಲ್ಲ? ನನ್ನ ಗೆಳೆಯರೆಲ್ಲ ಊರಮನೆಗೆ ಕ್ಯಾಮೆರಾ ಹಾಕಿಸಿದವರೇ. ಹಾಕುವ ಮುಂಚೆ ಅಮ್ಮನನ್ನು ಕೇಳಿದವರು ಒಬ್ಬರೂ ಇಲ್ಲ, ನಾನೂ ಕೇಳಿರಲಿಲ್ಲ. ಪ್ರೀತಿ ಇದ್ದರೆ ಸಾಕು, ಕೇಳೋದು ಬೇಡ ಅನ್ನುವ ನಮ್ಮ ಈ ಅಭ್ಯಾಸ ನನಗೆ ಈಗೀಗ ಸಹಿಸೋಕೇ ಆಗಲ್ಲ.

ಈ ಸಲ ಕೇಳಿದೆ. ಅಮ್ಮ ಸ್ವಲ್ಪ ಯೋಚಿಸಿ, “ಹಿತ್ತಿಲ ಬಾಗಿಲಿಗೆ ಏನಾದ್ರೂ ಹಾಕು, ದಿನಾ ಬೆಳಗ್ಗೆ ಹೂ ಕೊಯ್ಯೋಕೆ ತೆಗೀತೀನಲ್ಲ” ಅಂದಳು. ಬೆರಳುದ್ದದ ಎರಡು ತುಂಡಿನ ಸೆನ್ಸರ್. ಒಂದು ಬಾಗಿಲಿಗೆ, ಇನ್ನೊಂದು ಚೌಕಟ್ಟಿಗೆ. ಒಂದರೊಳಗೆ ಆಯಸ್ಕಾಂತ. ಬಾಗಿಲು ತೆರೆದು ಎರಡೂ ದೂರವಾದರೆ ನನಗೆ ಮೆಸೇಜ್. ಅಲ್ಲಿ 5:40 ಆದರೆ ಇಲ್ಲಿ 9:10, ಆಫೀಸಿಗೆ ಬಂದು ಕೂತಿರುತ್ತೇನೆ. ಅಮ್ಮ ದಾಸವಾಳ ಕೊಯ್ಯುತ್ತಿದ್ದಾಳೆ ಅಂತ ಗೊತ್ತಾಗುತ್ತದೆ. ಕ್ಯಾಮೆರಾದಲ್ಲಿ ನೋಡಿದಾಗಲೂ ಇಷ್ಟು ಹತ್ತಿರ ಅನಿಸಿರಲಿಲ್ಲ.

ಆದರೆ ಆಷಾಢದ ಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. ವೈಫೈ ಇಲ್ಲ, ಮೆಸೇಜೂ ಇಲ್ಲ. ಅಮ್ಮ ಫೋನ್ ಎತ್ತಲಿಲ್ಲ. ಕೈ ನಡುಗುತ್ತಿತ್ತು. ಆಚೆಮನೆ ಅತ್ತೆಗೆ ಫೋನ್ ಮಾಡಿದೆ. ಅವರು ಕೊಡೆ ಹಿಡಿದು ಹೋದರು. ಎರಡೇ ನಿಮಿಷಕ್ಕೆ ಅಮ್ಮನ ಕೈಗೇ ಫೋನ್ ಕೊಟ್ಟರು.

ಇಲ್ಲಿ ಅಜ್ಜಿಯ ಮಗಳಿಗೆ ಒಂದು ದಿನ ಮೇಲ್ ಬರದಿದ್ದರೆ? ಒಸಾಕಾದಿಂದ ರೈಲು ಹತ್ತಬೇಕು. ನಾನು ಗೋಡೆಯ ಈಚೆಗೇ ಇದ್ದೇನೆ, ಮೂರು ವರ್ಷದಿಂದ. ನನ್ನ ನಂಬರ್ ಆ ಮಗಳ ಹತ್ತಿರ ಇಲ್ಲ. ನಿನ್ನೆ ರಾತ್ರಿ ಒಂದು ಚೀಟಿಯಲ್ಲಿ ಬರೆದಿಟ್ಟೆ. ಇವತ್ತು ಸಂಜೆ ಅಜ್ಜಿಯನ್ನು ಕೇಳಿ ಕೊಡಬೇಕು.