ಗೋಲ್‌ಕೀಪರ್ ಲೆಕ್ಕಕ್ಕೆ ಬರಲ್ವಾ?

ಪ್ಯಾಟಿ ಕಾಜ್‌ಮೈಯರ್ ಪ್ರಶಸ್ತಿ ಪ್ರತಿ ವರ್ಷ ಅಮೆರಿಕದ ಕಾಲೇಜು ಮಹಿಳಾ ಐಸ್ ಹಾಕಿಯ ಅತ್ಯುತ್ತಮ ಆಟಗಾರ್ತಿಗೇ ಸಿಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪಲ್ಲ. ಸಿಗುವುದು ಜಾಸ್ತಿ ಗೋಲು ಹೊಡೆಯುವವರಿಗೆ. 1998ರಿಂದ 2025ರವರೆಗಿನ 28 ಪ್ರಶಸ್ತಿಗಳಲ್ಲಿ ಗೋಲ್‌ಕೀಪರ್‌ಗಳಿಗೆ ಬಂದದ್ದು ನಾಲ್ಕು, ಡಿಫೆಂಡರ್‌ಗಳಿಗೆ ಎರಡು. ಆ ಡಿಫೆಂಡರ್‌ಗಳಲ್ಲೂ 2023ರಲ್ಲಿ ಗೆದ್ದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸೋಫಿ ಜಾಕ್ಸ್ ಆ ಸೀಸನ್‌ನಲ್ಲಿ 24 ಗೋಲು ಹೊಡೆದಿದ್ದರು!

2013 ನೆನಪಿಸಿಕೊಳ್ಳಿ. ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ 41 ಪಂದ್ಯ ಆಡಿ 41ನ್ನೂ ಗೆದ್ದಿತು. 101 ಪಾಯಿಂಟ್ (ಹೊಡೆದ ಗೋಲು, ನೆರವಾದ ಗೋಲು ಎರಡೂ ಸೇರಿ) ಗಳಿಸಿದ ಅಮಂಡಾ ಕೆಸೆಲ್‌ಗೆ ಪ್ರಶಸ್ತಿ ಬಂತು. ಅವರ ಆಟದ ಬಗ್ಗೆ ನನ್ನ ತಕರಾರಿಲ್ಲ, ಅದ್ಭುತವಾಗಿ ಆಡಿದರು. ಆದರೆ ಅದೇ ತಂಡದ ಗೋಲ್‌ಕೀಪರ್, ಫಿನ್ಲೆಂಡಿನ ನೋರಾ ರ‍್ಯಾಟಿ, ತಾನು ಆಡಿದ 38 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಪಂದ್ಯಕ್ಕೆ ಸರಾಸರಿ ಒಂದು ಗೋಲೂ ಬಿಟ್ಟುಕೊಡಲಿಲ್ಲ. ಇನ್ನೇನು ಮಾಡಬೇಕಿತ್ತು ಹೇಳಿ?

ನನ್ನ ಮಗಳೂ ಗೋಲ್‌ಕೀಪರ್. ಪಂದ್ಯ ಮುಗಿದ ಮೇಲೆ ಅವಳ ಪ್ಯಾಡ್ ಬಿಚ್ಚಲು ಕೂತಾಗ ತೋಳಿನ ಮೇಲೆ ಪಕ್ (ಹಾಕಿಯ ಗಟ್ಟಿ ರಬ್ಬರ್ ಬಿಲ್ಲೆ) ಬಡಿದು ನೀಲಿಗಟ್ಟಿದ ಗುರುತು ಕಾಣುತ್ತದೆ. ಸ್ಕೋರ್‌ಬೋರ್ಡಿನಲ್ಲಿ ಮಾತ್ರ ಗೋಲು ಹೊಡೆದವರ ಹೆಸರೇ ಇರುತ್ತದೆ. ದೊಡ್ಡ ಪ್ರಶಸ್ತಿ ಕೊಡುವವರೂ ಹಾಗೇ ನೋಡಿದರೆ ಬೇಜಾರಾಗಲ್ವಾ?