ಫಾರ್ಮ್ ಯಾರಿಗ್ರೀ, ನಿಮ್ಮ ಮಗಗ?

ಮಧ್ಯಾಹ್ನದಿಂದ ಸಿಟ್ಟು ಇಳಿದಿಲ್ಲ. ಊಟ ಆಯ್ತು, ಪಾತ್ರೆ ತೊಳೆದಾಯ್ತು, ಮಳೆಯೂ ನಿಂತಿತು. ತಲೆಯೊಳಗೆ ಮಾತ್ರ ಆ ಕೌಂಟರಿನ ಹುಡುಗ ಕೇಳಿದ ಪ್ರಶ್ನೆಯೇ ತಿರುಗುತ್ತಿದೆ. ಬರೆದುಬಿಡುತ್ತೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಓಣಿಯ ಟರ್ನರ್ ಮಾಮಾ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಗಣಪತಿ ಕೂರಿಸಿದಾಗ ಮಂಟಪದ ಲೈಟಿಂಗ್ ಪ್ರತಿ ವರ್ಷ ಅವರದೇ. ವಯಸ್ಸು 53, ನನ್ನಷ್ಟೇ. ಓಣಿಯ ಮಕ್ಕಳೆಲ್ಲ ಮಾಮಾ ಅನ್ನುವುದು ಕೇಳಿ ನನಗೂ ಅದೇ ರೂಢಿಯಾಗಿದೆ. ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪ್‌ಗಳಲ್ಲಿ ಲೇಥ್, ಅಂದರೆ ಲೋಹ ತಿರುಗಿಸಿ ಕಡಿಯುವ ಯಂತ್ರದ ಮುಂದೆ ನಿಂತು 31 ವರ್ಷ ದುಡಿದಿದ್ದಾರೆ. ಈಗ ಅವರಿರುವ ಶಾಪ್‌ನಲ್ಲಿ ಹಳೆಯ ಲೇಥ್‌ಗಳನ್ನು ಒಂದೊಂದಾಗಿ ಎತ್ತಿ ಕಂಪ್ಯೂಟರ್ ಹೇಳಿದಂತೆ ಕಡಿಯುವ ಸಿಎನ್‌ಸಿ ಮಷಿನ್ ಕೂರಿಸುತ್ತಿದ್ದಾರೆ. ಆರು ಇದ್ದಲ್ಲಿ ಎರಡು ಉಳಿದಿವೆ. ಮಾಲೀಕರು ಕೆಟ್ಟವರಲ್ಲ. ‘ಕಲಿತು ಬಾ, ನಿನ್ನನ್ನೇ ಅದರ ಮೇಲೆ ಹಾಕ್ತೀನಿ’ ಎಂದಿದ್ದಾರೆ. ಎಲ್ಲಿ ಕಲಿಯಬೇಕು ಅಂತ ಅವರೂ ಹೇಳಲಿಲ್ಲ.

ಹಾಗಾಗಿ ಇವತ್ತು ಇಬ್ಬರೂ ಊರಿನ ಒಂದು ತರಬೇತಿ ಕಾಲೇಜಿಗೆ ಹೋದೆವು. ಹೆಸರು ಬೇಡ. ಮಾಮಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಉಗುರಿನ ಸಂದಿಯ ಎಣ್ಣೆ ಕಪ್ಪು ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಕೌಂಟರಿನ ಹುಡುಗ ಫಾರ್ಮ್ ಕೊಡುತ್ತಾ ಕೇಳಿದ: ‘ಯಾರಿಗ್ರೀ, ನಿಮ್ಮ ಮಗಗ?’

‘ನನಗರೀ’ ಎಂದರು ಮಾಮಾ.

ಹುಡುಗ ಅವರನ್ನು ನೋಡಿದ, ನನ್ನನ್ನು ನೋಡಿದ. ‘ಈ ವಯಸ್ಸಿನ್ಯಾಗ ಯಾಕ್ರೀ ಕಾಕಾ? ಹುಡುಗೂರಿಗೆ ಬಿಡ್ರಿ’ ಎಂದ. ಜೋರು ಮಾಡಿ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದ. ನನಗೆ ತಡೆಯಲಾರದ ಸಿಟ್ಟು ಬಂದಿದ್ದೇ ಅದಕ್ಕೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮಾಮಾ ಏನೂ ಅನ್ನಲಿಲ್ಲ. ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ‘ನಡೀರಿ ಮೇಡಂ, ಎರಡನೇ ಶಿಫ್ಟಿಗೆ ಹೊತ್ತಾತು’ ಎಂದು ಹೊರಟೇಬಿಟ್ಟರು.

ಈ ಮನುಷ್ಯನಿಗೆ ಏನು ಗೊತ್ತು ಅಂತ ಆ ಹುಡುಗನಿಗೆ ಹೇಳಬೇಕಿತ್ತು. ಹೋದ ತಿಂಗಳು ಅವರ ಶಾಪ್ ನೋಡಲು ಹೋಗಿದ್ದೆ. ಲೇಥ್‌ನಲ್ಲಿ ತುಂಡು ಹಿಡಿಯುವ ಚಕ್‌ನಿಂದ ಒಂದು ಶಾಫ್ಟ್ ಬಿಚ್ಚಿ, ಅದರ ಮೇಲೆ ಹೆಬ್ಬೆರಳು ಎಳೆದು, ‘ಈ ಕಡೆ ಸ್ವಲ್ಪ ಟೇಪರ್ ಐತಿ’ ಎಂದರು. ಅಂದರೆ ಒಂದು ತುದಿ ಇನ್ನೊಂದಕ್ಕಿಂತ ಸಣ್ಣ. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಮೈಕ್ರೋಮೀಟರ್ ಹಚ್ಚಿ ಎರಡೂ ತುದಿ ಅಳೆದು ತೋರಿಸಿದರು. 0.03 ಮಿಲಿಮೀಟರ್ ವ್ಯತ್ಯಾಸ ಇತ್ತು. ಪಕ್ಕದ ಸಿಎನ್‌ಸಿ ಒಳಗೆ ಟೂಲ್ ಕಚ್ಚುವ ಸದ್ದು ಸ್ವಲ್ಪ ಬದಲಾಯಿತು. ಅಲ್ಲಿದ್ದ ಹುಡುಗನಿಗೆ ಗೊತ್ತಾಗುವ ಮೊದಲೇ ಇವರು ಇಲ್ಲಿಂದ ಕೂಗಿದರು: ‘ಟಿಪ್ ಹೋತು, ನಿಲ್ಸು!’ ಬಾಗಿಲು ತೆಗೆದು ನೋಡಿದರೆ ಟಿಪ್‌ನ, ಅಂದರೆ ಟೂಲ್‌ನ ಕಡಿಯುವ ತುದಿಯ ಮೂಲೆ ನಿಜವಾಗಿಯೂ ಚಕ್ಕೆ ಎದ್ದಿತ್ತು. ಆ ಹುಡುಗನಿಗೆ ಮಷಿನ್ ಓಡಿಸಲು ಬರುತ್ತದೆ. ಇವರಿಗೆ ಲೋಹ ಗೊತ್ತಿದೆ. ಇವರಿಗೆ ಬೇಕಿರುವುದು ಆ ಮಷಿನ್‌ಗೆ ಮಾತು ಕೇಳಿಸುವ ಭಾಷೆ, ಅಷ್ಟೇ.

ಆ ಭಾಷೆ ಅಂಥ ದೊಡ್ಡದೇನಲ್ಲ. ಜಿ ಸೊನ್ನೆ ಸೊನ್ನೆ ಅಂದರೆ ಟೂಲ್ ಗಾಳಿಯಲ್ಲಿ ವೇಗವಾಗಿ ಓಡುತ್ತದೆ. ಜಿ ಸೊನ್ನೆ ಒಂದು ಅಂದರೆ ಹೇಳಿದ ಫೀಡ್‌ನಲ್ಲಿ, ಅಂದರೆ ಹೇಳಿದ ವೇಗದಲ್ಲಿ ಸೀದಾ ಕಡಿಯುತ್ತದೆ. ಎಂ ಸೊನ್ನೆ ಮೂರು ಅಂದರೆ ಚಕ್ ಕೂರಿಸಿದ ಸ್ಪಿಂಡಲ್ ತಿರುಗುತ್ತದೆ. ಇದನ್ನೆಲ್ಲ ಮಾಮಾ 31 ವರ್ಷದಿಂದ ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಮಾಡುತ್ತಲೇ ಬಂದಿದ್ದಾರೆ. ಮೊನ್ನೆ ನಮ್ಮ ಜಗಲಿ ಮೇಲೆ ಕೂತು ನಾನೇ ಸ್ವಲ್ಪ ಹೇಳಿಕೊಟ್ಟೆ. ಗಣಿತದ ಮೇಡಂ ಆಗಿ ಅಷ್ಟು ಬಾರದಿದ್ದರೆ ಹೇಗೆ? ಎಕ್ಸ್ ಅಂದರೆ ವ್ಯಾಸದ ಕಡೆ, ಝಡ್ ಅಂದರೆ ಉದ್ದದ ಕಡೆ. ಮೈನಸ್ ಅಂದಾಗ ಮೊದಲು ಗೊಂದಲ ಆಯ್ತು. ‘ಟೂಲ್ ಚಕ್ ಕಡೆ ಹೋದರೆ ಝಡ್ ಮೈನಸ್’ ಎಂದೆ. ಮುಖ ಅರಳಿತು. ‘ಇಷ್ಟೇ ಏನ್ರೀ?’ ಎಂದರು. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನೇ ಹೇಳಿಕೊಡಲು ನನಗೆ ಒಂದು ವಾರ ಬೇಕು. ಮಾಮಾಗೆ ಹತ್ತು ನಿಮಿಷ ಸಾಕಾಯಿತು. ಆದರೆ ಜಗಲಿ ಮೇಲೆ ಮಷಿನ್ ಇಲ್ಲವಲ್ಲ. ಮಷಿನ್ ಇರುವುದು ಕಾಲೇಜಿನಲ್ಲಿ.

ನಿಯಮ ಏನು ಹೇಳುತ್ತದೆ ಅಂತ ನೋಡಿದರೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ. ಐಟಿಐಗೆ 14 ವರ್ಷ ತುಂಬಿರಬೇಕು, ಮೇಲಿನ ಮಿತಿ ಇಲ್ಲ. ಆದರೆ ಅದು ಇಡೀ ದಿನದ ಕ್ಲಾಸು. ಸಂಸಾರ ಇರುವವರು ಒಂದೆರಡು ವರ್ಷ ಸಂಬಳ ಬಿಟ್ಟು ಕೂರಲು ಆಗುತ್ತಾ? ಇನ್ನು ಕೇಂದ್ರದ ಕೌಶಲ ವಿಕಾಸ ಯೋಜನೆಯ ನಾಲ್ಕನೇ ಹಂತ. ಅದರಲ್ಲಿ ಹೊಸದಾಗಿ ಕಲಿಸುವ ಅಲ್ಪಾವಧಿ ತರಬೇತಿ 45 ವರ್ಷದವರೆಗೆ ಮಾತ್ರ. ಈಗಾಗಲೇ ಬರುವ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು 59ರವರೆಗೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. 53 ವರ್ಷದವನಿಗೆ ಗೊತ್ತಿರುವುದಕ್ಕೆ ಕಾಗದ ಸಿಗುತ್ತದೆ, ಗೊತ್ತಿಲ್ಲದ್ದನ್ನು ಕಲಿಸುವ ಬಾಗಿಲು ಎಂಟು ವರ್ಷದ ಹಿಂದೆಯೇ ಮುಚ್ಚಿದೆ. 45ಕ್ಕೆ ಮನುಷ್ಯನ ತಲೆ ನಿಲ್ಲುತ್ತದೆ ಅಂತ ಯಾರು ತೀರ್ಮಾನ ಮಾಡಿದರು?

2023ರ ಸೆಪ್ಟೆಂಬರ್‌ನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಈ ತಪ್ಪಿಲ್ಲ. 18 ತುಂಬಿದ ಕುಶಲಕರ್ಮಿಗಳು ಸೇರಬಹುದು, ಮೇಲಿನ ಮಿತಿ ಇಲ್ಲ. ತರಬೇತಿಗೆ ಹೋದ ದಿನಕ್ಕೆ 500 ರೂಪಾಯಿ ಕೊಡುತ್ತಾರೆ. ಕೂಲಿ ಬಿಟ್ಟು ಬಂದವನ ಕಷ್ಟ ಯಾರಿಗೋ ಅರ್ಥವಾಗಿದೆ ಎಂದು ಓದಿದಾಗ ಖುಷಿಯಾಗಿತ್ತು. ಬಡಗಿ, ಕಮ್ಮಾರ, ಅಕ್ಕಸಾಲಿಗ, ಕುಂಬಾರ, ದರ್ಜಿ ಹೀಗೆ 18 ಕಸುಬು ಇವೆ. ಕಾರ್ಖಾನೆಯ ಟರ್ನರ್ ಅದರಲ್ಲಿ ಬರುವುದಿಲ್ಲ. ಈ ಊರಿನ ಫೌಂಡ್ರಿ, ಮಷಿನ್ ಶಾಪ್‌ಗಳಲ್ಲಿ ಕೂದಲು ಹಣ್ಣಾದವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಶಿಫ್ಟ್ ಬಿಟ್ಟಾಗ ಮೂರನೇ ಗೇಟ್ ಹತ್ತಿರ ಹತ್ತು ನಿಮಿಷ ನಿಂತರೆ ಸಾಕು.

ಗಂಡಸರ ಮಾತು ಮಾತ್ರ ಆಡುತ್ತಿದ್ದೇನೆ ಅನ್ನಬೇಡಿ. ನಮ್ಮ ವೈನಿ ಅಂಗನವಾಡಿ ಟೀಚರ್. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಮಗುವಿನ ತೂಕ, ಎತ್ತರ, ಹಾಜರಿ ಎಲ್ಲ ಮೊಬೈಲ್‌ನಲ್ಲೇ ತುಂಬಬೇಕು. ಅದುವರೆಗೆ ದಪ್ಪ ರಿಜಿಸ್ಟರ್‌ನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದವರು ಐವತ್ತು ದಾಟಿದ ಮೇಲೆ ರಾತ್ರಿ ಹತ್ತಕ್ಕೆ ಮಗನ ಮುಂದೆ ಕೂತು, ‘ಇಲ್ಲಿ ಒತ್ತಿದ್ರ ಹೋಗತೈತೇನೋ?’ ಎಂದು ಕೇಳುವುದನ್ನು ನೋಡಿದ್ದೇನೆ. ಮಗನಿಗೆ ಬೇಸರ, ಇವರಿಗೆ ಅವಮಾನ. ಪಕ್ಕದಲ್ಲೇ ಕಾಲೇಜಿದೆ, ಅದರಲ್ಲಿ ಕಂಪ್ಯೂಟರ್ ಲ್ಯಾಬ್ ಇದೆ. ಸಂಜೆ ಐದರ ನಂತರ ಅದಕ್ಕೆ ಬೀಗ.

ಆ ಬೀಗವೇ ನನ್ನನ್ನು ಉರಿಸುವುದು. ಊರಿನ ದುಡಿಯುವವರಿಗೂ ಬಾಗಿಲು ತೆರೆಯುವ ಕಮ್ಯುನಿಟಿ ಕಾಲೇಜ್ ಎಂಬ ಮಾತು ನಮ್ಮ ದೇಶಕ್ಕೆ ಹೊಸದಲ್ಲ. ಪಾಂಡಿಚೇರಿ ವಿಶ್ವವಿದ್ಯಾಲಯ 1995ರಲ್ಲೇ ಒಂದನ್ನು ಶುರು ಮಾಡಿತು. ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಯುಜಿಸಿ ಇದಕ್ಕೆಂದೇ ಸ್ಕೀಮ್ ತಂದಿತು. ಸುತ್ತಲಿನ ಕೈಗಾರಿಕೆಗೆ ಬೇಕಾದ್ದನ್ನು ಕಲಿಸುವುದು, ನಡುವೆ ಬಿಟ್ಟು ಹೋಗಿ ಮತ್ತೆ ಬರಲು ಅವಕಾಶ ಕೊಡುವುದು ಅದರ ಉದ್ದೇಶ. ಅಮೆರಿಕದಲ್ಲಿ ಇದು ತೀರಾ ಹಳೆಯದು. ಇಲಿನಾಯ್ ರಾಜ್ಯದ ಜೋಲಿಯಟ್‌ನಲ್ಲಿ 1901ರಲ್ಲೇ ಅಂಥ ಕಾಲೇಜು ಶುರುವಾಗಿತ್ತು. 2008ರಲ್ಲಿ ಅಲ್ಲಿನ ಕಮ್ಯುನಿಟಿ ಕಾಲೇಜುಗಳ ಸಂಘ ಐವತ್ತು ದಾಟಿದವರಿಗೇ ಅಂತ ‘ಪ್ಲಸ್ 50’ ಎಂಬ ಕಾರ್ಯಕ್ರಮ ತಂದಿತು. ಸಿಂಗಾಪುರದಲ್ಲಿ 40 ತುಂಬಿದ ನಾಗರಿಕರಿಗೆ 2024ರಲ್ಲಿ ಕಲಿಯಲಿಕ್ಕೆಂದೇ 4000 ಸಿಂಗಾಪುರ ಡಾಲರ್ ಖಾತೆಗೆ ಹಾಕಿದರು. ನಾವು 45ಕ್ಕೆ ಬಾಗಿಲು ಹಾಕುತ್ತೇವೆ, ಅವರು 40ಕ್ಕೆ ಕರೆದು ಕೊಡುತ್ತಾರೆ. ಅಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ, ಒಪ್ಪುತ್ತೇನೆ. ಬೀಗದ ಕೈ ಇದೆಯಲ್ಲ?

ಇದನ್ನು ಹೇಳಿದಾಗೆಲ್ಲ ಸ್ಟಾಫ್ ರೂಮಿನಲ್ಲಿ ಬರುವ ಮಾತು ಒಂದೇ. ‘ಹುಡುಗರಿಗೇ ಕೆಲಸ ಇಲ್ಲ, ವಯಸ್ಸಾದವರಿಗೆ ಯಾಕೆ ಸೀಟು?’ ಯಾರ ಸೀಟನ್ನೂ ಕಿತ್ತುಕೊಳ್ಳಬೇಕಿಲ್ಲ. ಸಂಜೆ ಖಾಲಿ ಬಿದ್ದಿರುವ ಮಷಿನ್ ಮೇಲೆ ಯಾವ ಹುಡುಗನೂ ಕಲಿಯುತ್ತಿಲ್ಲ. ಇನ್ನೊಂದು ಮಾತು, ‘ಇನ್ನೈದು ವರ್ಷಕ್ಕೆ ರಿಟೈರ್ ಆಗ್ತಾರಲ್ಲ’ ಅಂತ. ಯಾರು ಆಗುತ್ತಾರೆ? ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1000 ರೂಪಾಯಿ. ಒಂದು ಸಾವಿರದಲ್ಲಿ ಯಾರ ಮನೆ ನಡೆಯುತ್ತೆ? ನಮ್ಮ ಓಣಿಯಲ್ಲಿ 58 ಆದವರೆಲ್ಲ ಮರುದಿನ ಇನ್ನೊಂದು ಕೆಲಸಕ್ಕೆ ಹೋಗುತ್ತಾರೆ. ಕೈಯಲ್ಲಿ ಹೊಸ ವಿದ್ಯೆ ಇದ್ದರೆ ಶಾಪ್‌ಗೆ ಹೋಗುತ್ತಾರೆ, ಇಲ್ಲದಿದ್ದರೆ ಗೇಟು ಕಾಯಲು ಹೋಗುತ್ತಾರೆ.

ಗೇಟು ಕಾಯುವುದು ಅಂದಾಗ ಒಂದು ವಿಷಯ ಹೇಳಲೇಬೇಕು. ಇದುವರೆಗೆ ಯಾರಿಗೂ ಹೇಳಿಲ್ಲ.

ನಮ್ಮಪ್ಪ ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದರು ಅಂತ ನಿಮಗೆ ಗೊತ್ತು. ಕೇಸ್ ಅನ್ನುವ ಅಚ್ಚುಮೊಳೆಯ ಪೆಟ್ಟಿಗೆಯಲ್ಲಿ ಯಾವ ಅಕ್ಷರ ಎಲ್ಲಿ, ಯಾವ ಒತ್ತು ಯಾವ ಮನೆಯಲ್ಲಿ ಅಂತ ನೋಡದೆಯೇ ಕೈ ಹಾಕುತ್ತಿದ್ದರು. ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತ ಸಾಲುಗಳನ್ನು ನಾವು ಪೇಪರ್ ಓದಿದ ಹಾಗೆ ಓದುತ್ತಿದ್ದರು. 1994ರಲ್ಲಿ ಅವರ ಪ್ರೆಸ್ಸಿಗೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಬಂತು. ಅಪ್ಪನಿಗೆ ಆಗ 49. ನಾನು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ‘ನನಗೂ ಸ್ವಲ್ಪ ತೋರಸವ್ವಾ’ ಎಂದರು. ಪರಿಚಯದವರ ಅಂಗಡಿಯಲ್ಲಿ ಮೂರು ಸಂಜೆ ಕೂರಿಸಿಕೊಂಡೆ. ಒಂದೊಂದು ಕೀ ಹುಡುಕಲು ಅವರಿಗೆ ಹೊತ್ತು ಹಿಡಿಯುತ್ತಿತ್ತು. ನನಗೆ 22 ವರ್ಷ, ತಾಳ್ಮೆ ಇರಲಿಲ್ಲ. ಮೂರನೇ ದಿನ, ‘ಬಿಡಪ್ಪಾ, ನಿನ್ನ ಕೈಲೆ ಆಗೂದಿಲ್ಲ’ ಎಂದೆ. ಅಂಗಡಿಯಲ್ಲಿ ಇನ್ನೂ ಇಬ್ಬರಿದ್ದರು. ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಮತ್ತೆ ಯಾವತ್ತೂ ಕೇಳಲಿಲ್ಲ. ಮುಂದಿನ ವರ್ಷ ಪ್ರೆಸ್ ಕೆಲಸ ಹೋಯಿತು. ಎಪ್ಪತ್ತರವರೆಗೂ ಒಂದು ಕಲ್ಯಾಣ ಮಂಟಪದ ಗೇಟು ಕಾಯ್ದರು. ಮದುವೆ ಕಾರ್ಡು ಕೈಗೆ ಸಿಕ್ಕರೆ ಮೊದಲು ಅಕ್ಷರಗಳ ನಡುವಿನ ಜಾಗ ನೋಡುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ನನಗೆ ಹೊಳೆದದ್ದು ಇದು: ಕೀಬೋರ್ಡ್ ಕೂಡ ಅಕ್ಷರದ ಪೆಟ್ಟಿಗೆಯೇ. ‘ಅಪ್ಪಾ, ಇದು ನಿನ್ನ ಕೇಸ್ ಇದ್ದಂಗ, ಮನೆಗಳ ಜಾಗ ಅಷ್ಟ ಬದಲಾಗೇದ’ ಎಂದು ಶುರು ಮಾಡಿದ್ದರೆ ಸಾಕಿತ್ತು. ಅವರಿಗೆ ಗೊತ್ತಿದ್ದಲ್ಲಿಂದ ನಾನು ಶುರು ಮಾಡಲಿಲ್ಲ. ನನಗೆ ಗೊತ್ತಿದ್ದಲ್ಲಿಂದ ಶುರು ಮಾಡಿದೆ. ಇವತ್ತು ಕೌಂಟರಿನ ಹುಡುಗ ಮಾತಾಡಿದಾಗ ನನಗೆ ಕೇಳಿಸಿದ್ದು ನನ್ನದೇ ದನಿ.

ಆದ್ದರಿಂದ ಈ ಊರಿನ ಕಾಲೇಜುಗಳಿಗೆ ಕೇಳುತ್ತೇನೆ. ಶಿಫ್ಟ್ ವಾರ ವಾರ ಬದಲಾಗುವವನಿಗೆ ಸಂಜೆ ಆರರ ಕ್ಲಾಸು ಒಂದು ವಾರ ಸಿಕ್ಕರೆ ಇನ್ನೊಂದು ವಾರ ಸಿಗುವುದಿಲ್ಲ. ಅದೇ ಪಾಠ ಬೆಳಿಗ್ಗೆಯೂ ಇರಲಿ, ಸಂಜೆಯೂ ಇರಲಿ, ಯಾವುದಕ್ಕೆ ಬಂದರೂ ನಡೆಯಲಿ. ಕನ್ನಡ, ಮರಾಠಿ ಎರಡರಲ್ಲೂ ಹೇಳಿ, ಶಾಪ್‌ನಲ್ಲಿ ಮಾತಾಡುವುದೇ ಹಾಗೆ. ಅಳತೆಯ ವರ್ನಿಯರ್ ಹಿಡಿಯುವುದರಿಂದ ಶುರು ಮಾಡಿ ಅವರ ಹೊತ್ತು ಕೆಡಿಸಬೇಡಿ. ಡ್ರಾಯಿಂಗ್ ಓದಲು ಬರುವವರಿಗೆ ನೇರ ಮಷಿನ್ ಮುಂದೆ ನಿಲ್ಲಿಸಿ ಆಫ್‌ಸೆಟ್, ಅಂದರೆ ಟೂಲ್‌ನ ಅಳತೆ ಮಷಿನ್‌ಗೆ ಕೊಡುವುದನ್ನು ತೋರಿಸಿ. ಅಕ್ಷರ ದೊಡ್ಡದಾಗಿ ಪ್ರಿಂಟ್ ಮಾಡಿ, ಎಲ್ಲರಿಗೂ ಚಾಳೀಸು ಬಂದಿರುತ್ತದೆ. ಮತ್ತೆ ವಾರಕ್ಕೊಂದು ದಿನ ಇವರನ್ನೇ ನಿಮ್ಮ ಹುಡುಗರ ಮುಂದೆ ನಿಲ್ಲಿಸಿ. ಟಿಪ್ ಹೋದ ಸದ್ದು ಹೇಗಿರುತ್ತದೆ ಅಂತ ಅವರು ಹೇಳಿಕೊಡುತ್ತಾರೆ. ನಿಮ್ಮ ಯಾವ ಪುಸ್ತಕದಲ್ಲೂ ಅದು ಇರುವುದಿಲ್ಲ.

ಈಗಷ್ಟೇ ಮಾಮಾಗೆ ಫೋನ್ ಮಾಡಿದೆ. ಎರಡನೇ ಶಿಫ್ಟ್ ಬಿಟ್ಟು ಸೈಕಲ್ ಸ್ಟ್ಯಾಂಡ್ ಹತ್ತಿರ ಇದ್ದರು. ಫಾರ್ಮ್ ಏನಾಯ್ತು ಎಂದು ಕೇಳಿದೆ. ಊಟದ ಬಿಡುವಿನಲ್ಲಿ ತುಂಬಿದ್ದಾರಂತೆ, ಜನ್ಮ ದಿನಾಂಕ ಸಹಿತ. ಸೋಮವಾರ ಹತ್ತೂವರೆಗೆ ಮತ್ತೆ ಹೋಗುತ್ತೇವೆ, ಈ ಸಲ ಸೀದಾ ಪ್ರಿನ್ಸಿಪಾಲರ ಹತ್ತಿರ. ಉದ್ಯಮಬಾಗದ ಕಡೆ ಕೆಲಸ ಮಾಡುವವರು, ನಿಮ್ಮ ಅಪ್ಪನನ್ನೋ ಕಾಕಾನನ್ನೋ ಕರೆದುಕೊಂಡು ಜೊತೆಗೆ ಬನ್ನಿ. ಹತ್ತು ಜನ ಆದರೆ ಬ್ಯಾಚ್ ಕೇಳಬಹುದು. ಮಾಮಾ ತಮ್ಮ ಮೈಕ್ರೋಮೀಟರ್ ತರುತ್ತಾರಂತೆ.